ಗೆರಾಸಿಮನ ಹೆಗಲು, ಪ್ರಸ್ಕೋವ್ಯಳ ಇರುಳು: ‘ಇವಾನ್ ಇಲಿಚನ ಮರಣ’ ಕೃತಿಯ ಮರುಓದು

ಮರಣೋನ್ಮುಖರ ಸೇವೆಯ ಪಾಠ ಬಂದಾಗ ಗುರುಮಠಗಳಲ್ಲಿ ಲಿಯೋ ಟಾಲ್‌ಸ್ಟಾಯ್ ಅವರ ‘ಇವಾನ್ ಇಲಿಚನ ಮರಣ’ ಎಂಬ ಕಿರುಕಾದಂಬರಿಯ ಪ್ರಸ್ತಾಪ ಬಾರದಿರುವುದು ಅಪರೂಪ. 1886ರಲ್ಲಿ ಪ್ರಕಟವಾದ, ಹನ್ನೆರಡು ಅಧ್ಯಾಯಗಳ ಈ ಕೃತಿಯನ್ನು ವೈದ್ಯಕೀಯ ವಿದ್ಯಾರ್ಥಿಗಳಿಗೂ ಓದಿಸುತ್ತಾರೆ, ಗುರುಅಭ್ಯರ್ಥಿಗಳಿಗೂ ಓದಿಸುತ್ತಾರೆ. ತಪಸ್ಸುಕಾಲದ ಧ್ಯಾನಕೂಟಗಳಲ್ಲಿ ಅದರ ಕಥೆಯನ್ನು ಸಂಕ್ಷೇಪಿಸಿ ಹೇಳುವ ಯಾಜಕರೂ ಇದ್ದಾರೆ. ಅದಕ್ಕೆ ಸಕಾರಣವಿದೆ. ಸಾಯುತ್ತಿರುವ ಮನುಷ್ಯನ ಒಂಟಿತನವನ್ನು ಅವನ ಒಳಗಿನಿಂದಲೇ ಇಷ್ಟು ನಿರ್ದಾಕ್ಷಿಣ್ಯವಾಗಿ ತೋರಿಸಿದ ಕೃತಿಗಳು ವಿಶ್ವಸಾಹಿತ್ಯದಲ್ಲಿ ಹೆಚ್ಚಿಲ್ಲ. ಈ ಹಿರಿಮೆಯನ್ನು ನಾವು ಪ್ರಶ್ನಿಸುತ್ತಿಲ್ಲ. ನಮ್ಮ ತಕರಾರು ಇರುವುದು ಅದರಿಂದ ನಾವು ಎತ್ತಿಕೊಳ್ಳುತ್ತ ಬಂದಿರುವ ಪಾಠದ ಬಗ್ಗೆ, ಮತ್ತು ಆ ಪಾಠಕ್ಕೆ ಕೃತಿಯೇ ಒದಗಿಸುವ ಕುಮ್ಮಕ್ಕಿನ ಬಗ್ಗೆ.

ಕಥೆ ಬಹುಮಂದಿಗೆ ತಿಳಿದದ್ದೇ. ನಲವತ್ತೈದರ ವಯಸ್ಸಿನ ನ್ಯಾಯಾಧಿಕಾರಿ ಇವಾನ್ ಇಲಿಚ್ ಹೊಸ ಮನೆಯನ್ನು ಅಲಂಕರಿಸುತ್ತ, ಪರದೆ ತೂಗುಹಾಕಲು ಏಣಿ ಹತ್ತಿದಾಗ ಜಾರಿ ಪಕ್ಕೆಗೆ ಪೆಟ್ಟು ಮಾಡಿಕೊಳ್ಳುತ್ತಾನೆ. ಕೆಲಕಾಲದ ಬಳಿಕ ಬಾಯಲ್ಲಿ ಒಂದು ವಿಚಿತ್ರ ರುಚಿ, ಪಕ್ಕೆಯಲ್ಲಿ ಒಂದು ಭಾರ. ಅಲ್ಲಿಂದ ಮುಂದೆ ನೋವು, ವೈದ್ಯರ ಪರಸ್ಪರ ವಿರುದ್ಧವಾದ ನಿರ್ಣಯಗಳು, ಅಫೀಮು, ಮಾರ್ಫಿನ್, ಕೊನೆಗೆ ಮೂರು ದಿನಗಳ ನಿರಂತರ ಚೀತ್ಕಾರ. ತೂಲಾ ನಗರದ ನ್ಯಾಯಾಲಯದಲ್ಲಿ ಅಧಿಕಾರಿಯಾಗಿದ್ದು 1881ರಲ್ಲಿ ತೀರಿಕೊಂಡ ಇವಾನ್ ಇಲಿಚ್ ಮೆಚ್ನಿಕೋವ್ ಎಂಬಾತನ ಸಾವು ಈ ಕಥೆಗೆ ಪ್ರೇರಣೆಯಾಯಿತು. ರೋಗಿಯನ್ನು ನೋವಿಗಿಂತ ಹೆಚ್ಚಾಗಿ ಬಾಧಿಸುವುದು ಸುಳ್ಳು: ಆತ ಸಾಯುತ್ತಿಲ್ಲ, ಕಾಯಿಲೆಯಿಂದಿದ್ದಾನೆ ಅಷ್ಟೇ ಎಂದು ಮನೆಯವರೂ ವೈದ್ಯರೂ ಸೇರಿ ನಡೆಸುವ ನಾಟಕ. ಆ ನಾಟಕದಲ್ಲಿ ಪಾಲ್ಗೊಳ್ಳದ ಸೇವಕನೊಬ್ಬನಿದ್ದಾನೆ, ಗೆರಾಸಿಮ. ಹಳ್ಳಿಯಿಂದ ಬಂದ ಈ ತರುಣ ರೋಗಿಯ ಮಲಪಾತ್ರೆಯನ್ನು ಮುಖ ಸಿಂಡರಿಸದೆ ಒಯ್ಯುತ್ತಾನೆ. ಕಾಲುಗಳನ್ನು ಎತ್ತಿ ಹಿಡಿದರೆ ನೋವು ಕಡಿಮೆಯೆನಿಸುತ್ತದೆಂದು ಯಜಮಾನ ಹೇಳಿದಾಗ ಅವನ್ನು ತನ್ನ ಹೆಗಲ ಮೇಲಿಟ್ಟುಕೊಂಡು ರಾತ್ರಿಯಿಡೀ ಕೂರುತ್ತಾನೆ. ಎಲ್ಲರೂ ಸಾಯುವವರೇ ಆಗಿರುವಾಗ ಸ್ವಲ್ಪ ಶ್ರಮಪಟ್ಟರೇನು ಎಂಬುದು ಅವನ ನಿಲುವು.

ಪ್ರಬೋಧನೆಗಳಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ಗೆರಾಸಿಮನಲ್ಲಿ ಸಮಾರಿಯದವನನ್ನು ಕಾಣುವುದು, ಸಿರೇನ್ಯ ಸಿಮೋನನನ್ನು ಕಾಣುವುದು, ಶಿಷ್ಯರ ಪಾದ ತೊಳೆದ ಪ್ರಭುವಿನ ಛಾಯೆಯನ್ನೇ ಕಾಣುವುದು ನಮಗೆ ರೂಢಿಯಾಗಿಬಿಟ್ಟಿದೆ. ಅವನ ಎದುರು ಪತ್ನಿ ಪ್ರಸ್ಕೋವ್ಯ ಫ್ಯೋದೊರೊವ್ನಳನ್ನು ನಿಲ್ಲಿಸಿ, ಒಬ್ಬನು ಪ್ರೀತಿಯ ಮಾದರಿ, ಇನ್ನೊಬ್ಬಳು ಪ್ರೀತಿಯ ಅಭಾವದ ಮಾದರಿ ಎಂದು ಪಾಠ ಮುಗಿಸುತ್ತೇವೆ. ಆ ಪಾಠವನ್ನು ಕೇಳಿಸಿಕೊಳ್ಳುವ ಪೀಠಗಳಲ್ಲಿ ಮೂರು ವರ್ಷದಿಂದ ಅತ್ತೆಯ ಹಾಸಿಗೆಹುಣ್ಣು ತೊಳೆಯುತ್ತಿರುವ ಸೊಸೆಯೂ ಕುಳಿತಿರುತ್ತಾಳೆ. ತಾನು ಗೆರಾಸಿಮನಂತೆ ಹಗುರಾದ ಮನಸ್ಸಿನಿಂದ ಅದನ್ನು ಮಾಡುತ್ತಿಲ್ಲ ಎಂದು ಆಕೆಗೆ ಚೆನ್ನಾಗಿ ಗೊತ್ತಿರುತ್ತದೆ. ಹಾಗಾದರೆ ಆಕೆ ಯಾರ ಸಾಲಿನಲ್ಲಿ ನಿಲ್ಲಬೇಕು?

ಗೆರಾಸಿಮನ ಪರಿಸ್ಥಿತಿಯನ್ನು ಕೃತಿಯಲ್ಲಿರುವಂತೆಯೇ ಗಮನಿಸೋಣ. ಅವನು ತರುಣ, ಆರೋಗ್ಯವಂತ, ಬಲಶಾಲಿ. ರೋಗದ ಮೂರನೆಯ ತಿಂಗಳ ಹೊತ್ತಿಗೆ ನಮಗೆ ಪರಿಚಯವಾಗುತ್ತಾನೆ. ಅವನ ಸೇವೆಯ ಅವಧಿ ವರ್ಷಗಳದ್ದಲ್ಲ. ರೋಗಿಯೊಂದಿಗೆ ಅವನಿಗೆ ಹಳೆಯ ಲೆಕ್ಕಗಳಿಲ್ಲ. ಮುರಿದ ಮಾತು, ಮರೆಯದ ಜಗಳ, ಸತ್ತ ಮಕ್ಕಳ ನೆನಪು ಯಾವುದೂ ಅವರಿಬ್ಬರ ನಡುವೆ ಇಲ್ಲ. ಯಜಮಾನ ಸತ್ತರೆ ಅವನ ಅನ್ನ ನಿಲ್ಲುವುದಿಲ್ಲ. ಮಲಗಿಕೋ ಎಂದು ಇವಾನ್ ಇಲಿಚ್ ಹೇಳಿದಾಗ, ಆಮೇಲೆ ಬೇಕಾದಷ್ಟು ನಿದ್ದೆ ಮಾಡಬಹುದು ಎಂಬರ್ಥದ ಉತ್ತರ ಕೊಡುತ್ತಾನೆ. ಈ ‘ಆಮೇಲೆ’ ಎಂಬುದು ಅವನಿಗೆ ಖಚಿತವಾಗಿದೆ. ಕುಟುಂಬದಲ್ಲಿ ಆರೈಕೆ ಮಾಡುವವರಿಗೆ ಇಲ್ಲದಿರುವುದು ಅದೇ. ಅವರ ‘ಆಮೇಲೆ’ಯ ಇನ್ನೊಂದು ಹೆಸರು ವೈಧವ್ಯ, ಅನಾಥತ್ವ, ಅದನ್ನು ಎದುರು ನೋಡುವುದೂ ಕಷ್ಟ, ನೋಡದಿರುವುದೂ ಕಷ್ಟ. ಕಾದಂಬರಿಯ ಮೊದಲ ಅಧ್ಯಾಯದಲ್ಲಿ, ಅಂದರೆ ಸಾವಿನ ನಂತರದ ಮನೆಯಲ್ಲಿ, ಗೆರಾಸಿಮ ಮತ್ತೆ ಕಾಣಿಸಿಕೊಳ್ಳುತ್ತಾನೆ: ಬಿಳಿಯ ಗಟ್ಟಿಮುಟ್ಟಾದ ಹಲ್ಲು ತೋರುತ್ತ, ಎಲ್ಲರೂ ಅಲ್ಲಿಗೆ ಹೋಗುವವರೇ ಎಂದು ಹೇಳಿ, ಮುಂದಿನ ಕೆಲಸಕ್ಕೆ ಚುರುಕಾಗಿ ಹೊರಡುತ್ತಾನೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಇಂಥ ಚುರುಕುತನವನ್ನು ಹೆಂಡತಿಗೆ ಅಳತೆಗೋಲಾಗಿ ಹಿಡಿಯುವುದು ತಪ್ಪು.

ಗೆರಾಸಿಮ ಹೀಗಿರಲು ಕಾರಣ ಟಾಲ್‌ಸ್ಟಾಯ್ ಅವರ ಆ ಕಾಲದ ನಂಬಿಕೆ. 1870ರ ದಶಕದ ಕೊನೆಯ ಆಧ್ಯಾತ್ಮಿಕ ಬಿಕ್ಕಟ್ಟಿನ ನಂತರ, ಬದುಕುವುದೂ ಸಾಯುವುದೂ ದುಡಿಯುವ ರೈತಜನಕ್ಕೆ ಮಾತ್ರ ಗೊತ್ತು ಎಂಬ ತೀರ್ಮಾನಕ್ಕೆ ಅವರು ಬಂದಿದ್ದರು. ಗೆರಾಸಿಮ ಆ ತೀರ್ಮಾನದ ಮನುಷ್ಯರೂಪ. ಅದಕ್ಕಾಗಿಯೇ ಅವನ ಹೆಗಲು ಒಮ್ಮೆಯೂ ನೋಯುವುದಿಲ್ಲ. ಸಿದ್ಧಾಂತಗಳಿಗೆ ಬೆನ್ನುನೋವು ಬರುವುದಿಲ್ಲವಲ್ಲ.

ಇನ್ನು ಪ್ರಸ್ಕೋವ್ಯ. ಆಕೆ ಒಳ್ಳೆಯವಳೆಂದು ವಾದಿಸುವುದು ನಮ್ಮ ಉದ್ದೇಶವಲ್ಲ; ಟಾಲ್‌ಸ್ಟಾಯ್ ಆಕೆಯನ್ನು ಸಣ್ಣ ಮನಸ್ಸಿನವಳಾಗಿಯೇ ಸೃಷ್ಟಿಸಿದ್ದಾರೆ, ಅದು ಅವರ ಹಕ್ಕು. ಇಡೀ ಕಥೆ ರೋಗಿಯ ಕಣ್ಣಿನಿಂದ ನಡೆಯುತ್ತದೆ, ಸಾಯುತ್ತಿರುವವನಿಗೆ ಬದುಕುವವರ ಮೇಲೆ ದ್ವೇಷ ಹುಟ್ಟುವುದು ಸಹಜ, ಆದ್ದರಿಂದ ಹೆಂಡತಿ ಹಾಗೆ ಕಾಣುತ್ತಾಳೆ ಎಂದು ಸಮರ್ಥಿಸುವವರಿದ್ದಾರೆ. ಈ ಸಮರ್ಥನೆ ಪೂರ್ತಿ ನಿಲ್ಲುವುದಿಲ್ಲ. ನಿರೂಪಕ ರೋಗಿಯ ಕಣ್ಣಿಗೆ ಕಟ್ಟುಬಿದ್ದವನಲ್ಲ; ಮನಸ್ಸು ಬಂದಾಗ ಪ್ರಸ್ಕೋವ್ಯಳ ಒಳಗೂ ಹೋಗುತ್ತಾನೆ. ನಾಲ್ಕನೆಯ ಅಧ್ಯಾಯದಲ್ಲಿ, ಗಂಡನ ಸಿಡುಕು ಮಿತಿಮೀರಿದಾಗ, ಅವನು ಸತ್ತರೆ ಸಾಕು ಎಂದು ಆಕೆ ಬಯಸತೊಡಗಿದ್ದನ್ನು ನಿರೂಪಕನೇ ಹೇಳುತ್ತಾನೆ. ಹೇಳಿದ ಬೆನ್ನಲ್ಲೇ, ಸತ್ತರೆ ಸಂಬಳ ನಿಲ್ಲುತ್ತದೆಂಬ ಕಾರಣಕ್ಕೆ ಆ ಬಯಕೆಯನ್ನು ಹಿಂತೆಗೆದುಕೊಂಡಳೆಂದೂ ಸೇರಿಸುತ್ತಾನೆ. ಅಂದರೆ ಆಕೆಯ ಮನಸ್ಸಿನ ಬಾಗಿಲು ತೆರೆಯುವ ಶಕ್ತಿ ನಿರೂಪಕನಿಗೆ ಉಂಟು, ಆದರೆ ಒಳಗೆ ಹೋದಾಗಲೆಲ್ಲ ಹೊರತರುವುದು ಹಣದ ಚೀಲವನ್ನು ಮಾತ್ರ. ಈಕೆ ಮಕ್ಕಳನ್ನು ಮಣ್ಣಿಗಿಟ್ಟ ತಾಯಿ ಎಂಬುದನ್ನು ಕೃತಿ ನಡುವೆ ಎಲ್ಲೋ ಹಾದುಹೋಗುವ ಮಾತಿನಲ್ಲಿ ಹೇಳಿ ಮುಗಿಸುತ್ತದೆ. ಆ ದುಃಖದ ಒಳಕ್ಕೆ ನಿರೂಪಕ ಇಳಿಯುವುದಿಲ್ಲ.

ನಮ್ಮ ಓದುಗರು ಒಂಬತ್ತನೆಯ ಅಧ್ಯಾಯದ ಆರಂಭವನ್ನು ಮತ್ತೆ ನೋಡಬೇಕು. ಮನೆಯವರು ನಾಟಕಕ್ಕೆ ಹೋಗಿದ್ದಾರೆ. ಪ್ರಸಿದ್ಧ ನಟಿ ಸಾರಾ ಬರ್ನಾರ್ ಊರಿಗೆ ಬಂದಿದ್ದಾಳೆ. ಮಕ್ಕಳಿಗೆ ಒಳ್ಳೆಯದೆಂದು ಆಸನ ಕಾದಿರಿಸಲು ಒತ್ತಾಯಿಸಿದವನು ಇವಾನ್ ಇಲಿಚನೇ. ತಡರಾತ್ರಿ ಹೆಂಡತಿ ತುದಿಗಾಲಲ್ಲಿ ಒಳಬರುತ್ತಾಳೆ. ಗೆರಾಸಿಮನನ್ನು ಕಳಿಸಿ ತಾನೇ ಕೂರುತ್ತೇನೆನ್ನುತ್ತಾಳೆ. ಬೇಡ, ಹೋಗು ಎನ್ನುತ್ತಾನೆ ಗಂಡ. ನೋವಿದೆಯೇ ಎಂದು ಕೇಳುತ್ತಾಳೆ, ಅಫೀಮು ತೆಗೆದುಕೊಳ್ಳಲು ಹೇಳುತ್ತಾಳೆ, ಅವನು ತೆಗೆದುಕೊಂಡ ಮೇಲೆ ಹೊರಟುಹೋಗುತ್ತಾಳೆ. ಕೃತಿಯಲ್ಲಿ ಇದು ಕೆಲವೇ ಸಾಲುಗಳು. ಆಕೆ ಹೋದದ್ದೆಲ್ಲಿಗೆ, ಮಲಗಿದಳೇ, ಗೋಡೆಯಾಚೆಯ ನರಳಾಟ ಕೇಳುತ್ತ ಕುಳಿತಿದ್ದಳೇ ಎಂಬುದು ನಮಗೆ ತಿಳಿಯುವುದಿಲ್ಲ. ನಾಟಕಕ್ಕೆ ಹೋದದ್ದು ಮಾತ್ರ ನೆನಪಿನಲ್ಲಿ ಉಳಿಯುತ್ತದೆ. ನಮ್ಮ ಊರುಗಳಲ್ಲಿಯೂ ಹೀಗೆಯೇ. ಹಾಸಿಗೆ ಹಿಡಿದ ಗಂಡನನ್ನು ಅರ್ಧ ದಿನ ನೆರೆಯವರಿಗೆ ಒಪ್ಪಿಸಿ ತಂಗಿಯ ಮಗಳ ಮದುವೆಗೆ ಹೋಗಿಬಂದ ಹೆಂಗಸಿನ ಆ ಅರ್ಧ ದಿನವನ್ನು ನೆಂಟರು ಲೆಕ್ಕವಿಡುತ್ತಾರೆ. ಉಳಿದ ದಿನಗಳ ಲೆಕ್ಕ ಯಾರ ಬಳಿಯೂ ಇರುವುದಿಲ್ಲ.

ರೋಗಿಯ ಹಾಸಿಗೆಯ ಪಕ್ಕದಲ್ಲಿ ಇರುವವರನ್ನು ಹೀಗೆ ಒಂದೇ ಮಾತಿನಿಂದ ತೀರ್ಮಾನಿಸಿಬಿಡುವ ಅಭ್ಯಾಸ ಟಾಲ್‌ಸ್ಟಾಯ್ ಅವರಿಂದ ಆರಂಭವಾದದ್ದಲ್ಲ. ಯೋಬನ ಹೆಂಡತಿಯನ್ನು ನೆನೆಯಿರಿ. ಹೀಬ್ರೂ ಮೂಲದಲ್ಲಿ ಆಕೆಗೆ ದೊರೆತಿರುವುದು ಒಂದೇ ವಚನ, ಎರಡನೆಯ ಅಧ್ಯಾಯದ ಒಂಬತ್ತನೆಯದು. ಅದರ ಬಲದಿಂದಲೇ ಸಂತ ಅಗಸ್ಟೀನರು ಆಕೆಯನ್ನು ಪಿಶಾಚನ ಸಹಾಯಕಿಯೆಂದು ಕರೆದರು, ಆ ಹೆಸರು ಅಂಟಿಕೊಂಡಿತು. ಸತ್ತ ಹತ್ತು ಮಕ್ಕಳು ಆಕೆಯ ಹೊಟ್ಟೆಯಲ್ಲಿ ಹುಟ್ಟಿದವರೂ ಹೌದು ಎಂಬುದನ್ನು ಗಮನಿಸಿದ ವ್ಯಾಖ್ಯಾನಕಾರರು ಕಡಿಮೆ. ಆದರೆ ಪುರಾತನ ಗ್ರೀಕ್ ಅನುವಾದವಾದ ಸೆಪ್ಟುವಜಿಂತ್ ಇಲ್ಲಿ ಸುಮ್ಮನಿರಲಿಲ್ಲ. ಅದು ಆಕೆಯ ಮಾತನ್ನು ಹಿಗ್ಗಿಸಿ, ತನ್ನ ಹೆರಿಗೆಯ ನೋವು ವ್ಯರ್ಥವಾಯಿತೆಂದೂ, ತಾನು ಕೂಲಿಯವಳಾಗಿ ಮನೆಯಿಂದ ಮನೆಗೆ ಅಲೆಯುತ್ತ, ದಣಿವು ಆರಿಸಿಕೊಳ್ಳಲು ಸೂರ್ಯ ಮುಳುಗುವುದನ್ನೇ ಕಾಯುತ್ತಿರುವೆನೆಂದೂ ಆಕೆಯಿಂದ ಹೇಳಿಸುತ್ತದೆ. ಆ ಗ್ರೀಕ್ ಅನುವಾದಕ ಯಾರೋ, ಆರೈಕೆ ಮಾಡುವವರ ಮನೆಯೊಳಗೆ ಕಾಲಿಟ್ಟವನಿರಬೇಕು. ಇನ್ನೊಂದು ಸಂಗತಿ: ಗ್ರಂಥದ ಕೊನೆಯಲ್ಲಿ ದೇವರು ಗದರಿಸುವುದು ಯೋಬನ ಮೂವರು ಮಿತ್ರರನ್ನು, ಅಂದರೆ ಭೇಟಿಗೆ ಬಂದು ದೈವಶಾಸ್ತ್ರ ಹೇಳಿದವರನ್ನು. ಹೆಂಡತಿಯ ವಿರುದ್ಧ ಒಂದು ಮಾತೂ ಇಲ್ಲ. ಭೇಟಿಗೆ ಹೋಗಿ ದೈವಶಾಸ್ತ್ರ ಹೇಳುವುದು ನಮ್ಮ ವೃತ್ತಿಯಾದ್ದರಿಂದ ಇದನ್ನು ಇಲ್ಲಿ ಬರೆಯುತ್ತಿದ್ದೇವೆ.

ಪ್ರಸ್ಕೋವ್ಯಳ ಬದಿಯಿಂದ ಇಂಥ ಕಥೆಯನ್ನು ಹೇಳಿದ್ದರೆ ಹೇಗಿರುತ್ತಿತ್ತು ಎಂದು ಊಹಿಸಬೇಕಾಗಿಲ್ಲ. ಸಿಮೋನ್ ದ ಬೋವಾ ಅವರು 1964ರಲ್ಲಿ ಪ್ರಕಟಿಸಿದ, ‘ಬಹಳ ಸುಲಭದ ಸಾವು’ ಎಂಬರ್ಥದ ಹೆಸರುಳ್ಳ ಚಿಕ್ಕ ಪುಸ್ತಕ ಅದನ್ನು ಮಾಡಿ ತೋರಿಸಿದೆ. ಲೇಖಕಿ ನಿರೀಶ್ವರವಾದಿ, ತಾಯಿ ಫ್ರಾಂಸ್ವಾಸ್ ಶ್ರದ್ಧಾವಂತ ಕಥೋಲಿಕಳು. 1963ರ ಶರತ್ಕಾಲದಲ್ಲಿ ಪ್ಯಾರಿಸಿನ ತಮ್ಮ ಮನೆಯಲ್ಲಿ ಬಿದ್ದು ತೊಡೆಯೆಲುಬು ಮುರಿದುಕೊಂಡ ಆ ತಾಯಿಗೆ ಚಿಕಿತ್ಸೆಯ ನಡುವೆ ಕ್ಯಾನ್ಸರ್ ಇರುವುದು ಪತ್ತೆಯಾಗುತ್ತದೆ. ಅದನ್ನು ಅವರಿಂದ ಮರೆಮಾಚಿ, ಹೊಟ್ಟೆಯ ಉರಿಯೂತವೆಂದು ಹೇಳಲಾಗುತ್ತದೆ. ಟಾಲ್‌ಸ್ಟಾಯ್ ಖಂಡಿಸಿದ ಅದೇ ಸುಳ್ಳು ಇದು. ಆದರೆ ಇಲ್ಲಿ ಸುಳ್ಳು ಹೇಳುವವರ ಬಾಯಿಂದಲೇ ಅದನ್ನು ಕೇಳುತ್ತೇವೆ: ಹೇಳಲಾರೆವು, ಹೇಳದಿರಲಾರೆವು ಎಂಬ ಇಕ್ಕಟ್ಟು, ಶಸ್ತ್ರಚಿಕಿತ್ಸೆಗೆ ಒಪ್ಪಿದ್ದು ಸರಿಯೇ ಎಂಬ ಕೊರೆತ, ಇಬ್ಬರು ಹೆಣ್ಣುಮಕ್ಕಳ ಸರದಿಯ ರಾತ್ರಿಗಳು, ದಣಿವು. ತಾಯಿ ಕೊನೆಯವರೆಗೂ ಯಾಜಕರನ್ನು ಕರೆಸೆನ್ನಲಿಲ್ಲ. ನಮಗೆ ಇದು ಚುಚ್ಚುವ ಸಂಗತಿ. ಆ ಪುಸ್ತಕದ ಲೋಕದಲ್ಲಿ ದೇವರಿಲ್ಲ, ಪುನರುತ್ಥಾನದ ನಿರೀಕ್ಷೆಯಿಲ್ಲ. ಮರಣವನ್ನು ಲೇಖಕಿ ಅರ್ಥೈಸುವ ರೀತಿಯನ್ನು ನಾವು ಒಪ್ಪುವುದಿಲ್ಲ. ಆದರೂ ಆರೈಕೆ ಮಾಡುವವರ ಆಯಾಸವನ್ನು ಪಾಪವೆಂದು ಕರೆಯದೆ ನೋಡುವ ಕಣ್ಣು ಟಾಲ್‌ಸ್ಟಾಯ್ ಅವರಿಗಿಂತ ಆಕೆಗೆ ಹೆಚ್ಚಾಗಿತ್ತು.

ಅವನು ಸತ್ತರೆ ಸಾಕು ಎಂಬ ಪ್ರಸ್ಕೋವ್ಯಳ ಬಯಕೆಯನ್ನು ಇಲ್ಲಿ ಬಿಟ್ಟು ಮುಂದೆ ಹೋಗಲಾಗದು, ಏಕೆಂದರೆ ಅದು ಕಾದಂಬರಿಯಲ್ಲಿ ಮಾತ್ರ ಇರುವ ಬಯಕೆಯಲ್ಲ. ದೀರ್ಘ ಕಾಯಿಲೆಯ ಮನೆಗಳಿಗೆ ಹೋಗುವ ಯಾವ ಯಾಜಕನಿಗೂ ಅದು ಅಪರಿಚಿತವಲ್ಲ. ‘ಸ್ವಾಮಿ, ದೇವರು ಅವರನ್ನು ಕರೆದುಕೊಳ್ಳಲಿ ಎಂದು ಪ್ರಾರ್ಥಿಸಿಬಿಟ್ಟೆ’ ಎಂಬ ಮಾತು ಬಾಗಿಲ ಬಳಿ, ದನಿ ತಗ್ಗಿಸಿ, ತಪ್ಪೊಪ್ಪಿಗೆಯ ಧಾಟಿಯಲ್ಲಿ ಬರುತ್ತದೆ. ಇದಕ್ಕೆ ನಾವು ಕೊಡುವ ಉತ್ತರ ಬಹುವೇಳೆ ದುರ್ಬಲ: ಹಾಗೆಲ್ಲ ಅನ್ನಬಾರದಮ್ಮ, ಸಹಿಸಿಕೊಳ್ಳಬೇಕು. ಪವಿತ್ರಗ್ರಂಥಕ್ಕೆ ಇಷ್ಟು ಸಂಕೋಚವಿಲ್ಲ. ಎಲೀಯನು ಮರದಡಿಯಲ್ಲಿ ಕುಳಿತು ತನ್ನ ಪ್ರಾಣವನ್ನು ತೆಗೆದುಕೊಳ್ಳೆಂದು ದೇವರನ್ನು ಬೇಡಿದನು. ದೇವದೂತನು ಅವನನ್ನು ಬೈಯಲಿಲ್ಲ, ರೊಟ್ಟಿ ನೀರು ಕೊಟ್ಟು ಮತ್ತೆ ಮಲಗಲು ಬಿಟ್ಟನು. ಸಿರಾಖನ ಗ್ರಂಥ, ವಾಸಿಯಾಗದ ಕಾಯಿಲೆಗಿಂತ ನಿತ್ಯವಿಶ್ರಾಂತಿ ಲೇಸು ಎಂದು ನೇರವಾಗಿಯೇ ಹೇಳುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಮರಣಶಯ್ಯೆಯ ಬಳಿ ಧರ್ಮಸಭೆ ಹೇಳುವ ಪ್ರಾಚೀನ ಸಮರ್ಪಣಾ ಪ್ರಾರ್ಥನೆ ಆತ್ಮಕ್ಕೆ ನೀಡುವುದು ಹೊರಡು ಎಂಬ ಅಪ್ಪಣೆಯನ್ನೇ. ಆ ಮನೆಯ ಹೆಂಗಸು ಏಕಾಂತದಲ್ಲಿ ಅಳುಕುತ್ತ ಬೇಡಿಕೊಂಡದ್ದನ್ನು ಧರ್ಮಸಭೆ ಅಧಿಕೃತವಾಗಿ, ಗಟ್ಟಿಯಾಗಿ ಬೇಡುತ್ತದೆ.

ದೇವರು ಕರೆದುಕೊಳ್ಳಲಿ ಎಂದು ಬಯಸುವುದಕ್ಕೂ ನಾವೇ ಕಳಿಸಿಬಿಡುವುದಕ್ಕೂ ಇರುವ ಅಂತರ ಅಳಿಸಲಾಗದ್ದು. ದಯಾಮರಣದ ಕುರಿತು ಧರ್ಮಸಭೆಯ ಬೋಧನೆಯಲ್ಲಿ ಯಾವ ಸಡಿಲಿಕೆಯೂ ಇಲ್ಲ. ಆದರೆ ಈ ಅಂತರವನ್ನು ನಾವು ಸ್ಪಷ್ಟವಾಗಿ ವಿವರಿಸದಿರುವುದರಿಂದಲೇ ಜನ ಅನಾವಶ್ಯಕ ಅಪರಾಧಭಾವವನ್ನು ಹೊತ್ತು ತಿರುಗುತ್ತಾರೆ. ರಾತ್ರಿ ಎರಡು ಗಂಟೆಗೆ ವೈದ್ಯರು ಹೇಳಿದ ಪ್ರಮಾಣದಲ್ಲಿಯೇ ಮಾರ್ಫಿನ್ ಕೊಟ್ಟ ಮಗನಿಗೆ, ಬೆಳಗಿನ ಜಾವ ತಂದೆ ತೀರಿಕೊಂಡರೆ, ತನ್ನ ಕೈಯೇ ಕೊಂದಿತೇ ಎಂಬ ಅನುಮಾನ ವರ್ಷಗಟ್ಟಲೆ ಉಳಿಯುತ್ತದೆ. ನೋವನ್ನು ತಗ್ಗಿಸುವ ಉದ್ದೇಶದಿಂದ, ಬೇರೆ ದಾರಿಯಿಲ್ಲದಿದ್ದಾಗ ಕೊಡುವ ಔಷಧ, ಪ್ರಜ್ಞೆಯನ್ನು ಮಂಕುಗೊಳಿಸಿದರೂ ಆಯುಸ್ಸನ್ನು ಕೊಂಚ ಕಡಿಮೆ ಮಾಡಿದರೂ ಧರ್ಮಸಮ್ಮತವೇ ಎಂದು 12ನೆಯ ಪಿಯುಸ್ ಜಗದ್ಗುರುಗಳು 1957ರ ಫೆಬ್ರವರಿಯಲ್ಲಿಯೇ ವೈದ್ಯರಿಗೆ ತಿಳಿಸಿದ್ದರು. ಕಥೋಲಿಕ ಧರ್ಮೋಪದೇಶ ಗ್ರಂಥದ 2279ನೆಯ ಪರಿಚ್ಛೇದ ಅದನ್ನೇ ಪುನರುಚ್ಚರಿಸಿ, ಉಪಶಾಮಕ ಆರೈಕೆಯನ್ನು ನಿಸ್ವಾರ್ಥ ಪ್ರೀತಿಯ ವಿಶೇಷ ರೂಪವೆಂದು ಪ್ರೋತ್ಸಾಹಿಸುತ್ತದೆ. ಇದು ನಮ್ಮ ಪರೀಕ್ಷಾ ಉತ್ತರಪತ್ರಿಕೆಗಳಲ್ಲಿ ಇರುತ್ತದೆ. ಆ ಮಗನ ಕಿವಿಗೆ ಬಿದ್ದಿರುವುದಿಲ್ಲ.

ಆರೈಕೆಯ ಕುರಿತಾದ ನಮ್ಮ ಅಧಿಕೃತ ಬರಹಗಳಿಗೂ ಇದೇ ಪ್ರಶ್ನೆಯನ್ನು ಕೇಳಬೇಕು. ವಿಶ್ವಾಸ ಸಿದ್ಧಾಂತದ ಪರಿಷತ್ತು 2020ರಲ್ಲಿ ಹೊರಡಿಸಿದ ‘ಸಮಾರಿತಾನುಸ್ ಬೋನುಸ್’ ಪತ್ರ, ಜೀವನದ ಕೊನೆಯ ಘಟ್ಟದಲ್ಲಿರುವವರ ಆರೈಕೆಯ ಬಗ್ಗೆ ಇತ್ತೀಚಿನ ಮಹತ್ವದ ದಾಖಲೆ. ಶಿಲುಬೆಯ ಬಳಿ ನಿಂತವರನ್ನು ಅದು ಮುಖ್ಯವಾಗಿ ನೆನೆಯುತ್ತದೆ. ಗುಣಪಡಿಸಲಾಗದಿದ್ದರೂ ಜೊತೆಗಿರಬಹುದೆಂಬ ಅದರ ಒತ್ತು ನಮಗೆ ಬೇಕಾದದ್ದೇ. ಕುಟುಂಬ ಈ ಸೇವೆಯನ್ನು ನಿಭಾಯಿಸಲು ನೆರವೂ ಸಾಕಷ್ಟು ಸಾಧನಗಳೂ ಬೇಕೆಂಬುದನ್ನು ಅದು ಒಪ್ಪಿಕೊಳ್ಳುತ್ತದೆ. ಆದರೆ ಪತ್ರಕ್ಕೆ ಹೆಸರು ಕೊಟ್ಟ ಸಾಮತಿಯನ್ನೇ ಮತ್ತೆ ಓದಿದರೆ, ಕುಟುಂಬದ ಆರೈಕೆದಾರನಿಗೆ ಸಮಾರಿಯದವನ ಪಾತ್ರ ಹೊಂದುವುದಿಲ್ಲವೆಂದು ನಮಗೆ ತೋರುತ್ತದೆ. ಸಮಾರಿಯದವನು ಗಾಯ ಕಟ್ಟುತ್ತಾನೆ, ಒಂದು ರಾತ್ರಿ ಉಪಚರಿಸುತ್ತಾನೆ, ಮರುದಿನ ಎರಡು ದಿನಾರಿ ಕೊಟ್ಟು ತನ್ನ ದಾರಿ ಹಿಡಿಯುತ್ತಾನೆ. ಉಳಿಯುವವನು ಛತ್ರದವನು. ಅವನಿಗೆ ಹೆಸರಿಲ್ಲ, ಮಾತಿಲ್ಲ, ಅವನ ಒಪ್ಪಿಗೆಯನ್ನು ಕೇಳಿದಂತೆಯೂ ಇಲ್ಲ. ಎಷ್ಟು ದಿನ ಎಂಬುದು ಗೊತ್ತಿಲ್ಲದ ಆರೈಕೆ ಅವನ ಪಾಲಿಗೆ ಬಂದಿದೆ. ಆದರೂ ಸಂತ ಲೂಕರ ಶುಭಸಂದೇಶದಲ್ಲಿ ಅವನಿಗೆ ಎರಡು ವಿಷಯಗಳು ದೊರೆಯುತ್ತವೆ: ಮುಂಗಡ ಹಣ, ಮತ್ತು ಹೆಚ್ಚು ಖರ್ಚಾದರೆ ಮರಳಿ ಬಂದಾಗ ತೀರಿಸುವೆನೆಂಬ ಮಾತು. ಅವನ ಖರ್ಚು ಅಳತೆ ಮೀರಬಹುದೆಂದು ಸಮಾರಿಯದವನಿಗೆ ಗೊತ್ತಿತ್ತು. ಒಂದು ಗಂಟೆಗೆ ಬಂದು ಹೋಗುವ ನಾವು ಸಮಾರಿಯದವನ ವೇಷ ತೊಟ್ಟು, ಛತ್ರದವನಿಗೆ ತ್ಯಾಗದ ಉಪದೇಶ ಮಾಡಿ, ಎರಡು ದಿನಾರಿಯನ್ನು ಮರೆತುಬಿಡುತ್ತೇವೆ.

ವಿಧಿಗ್ರಂಥವೂ ಇದಕ್ಕೆ ಹೊರತಲ್ಲ. ದ್ವಿತೀಯ ವ್ಯಾಟಿಕನ್ ಮಹಾಸಭೆಯ ನಂತರ, 1972ರಲ್ಲಿ ಪರಿಷ್ಕರಿಸಿದ ರೋಗಿಗಳ ಅಭ್ಯಂಗ ಸಂಸ್ಕಾರದ ವಿಧಿ, ಕೊನೆಯುಸಿರಿಗಾಗಿ ಕಾಯುತ್ತಿದ್ದ ‘ಅಂತ್ಯಾಭ್ಯಂಗ’ವನ್ನು ಮತ್ತೆ ಯಕೋಬನ ಪತ್ರದ ರೋಗಿಯ ಬಳಿಗೆ ತಂದಿತು. ಅದರ ಪೀಠಿಕೆ ಕುಟುಂಬದವರನ್ನು ನೆನೆಯುತ್ತದೆ, ಆದರೆ ಸಾಂತ್ವನ ನೀಡುವ ಸೇವೆಯಲ್ಲಿ ವಿಶೇಷ ಪಾಲುಳ್ಳವರೆಂದು. ರೋಗಿಯನ್ನು ವಿಶ್ವಾಸದಲ್ಲಿ ಬಲಪಡಿಸುವುದು ಅವರ ಹೊಣೆ. ಅವರಿಗೆ ಸಾಂತ್ವನ ನೀಡುವವರು ಯಾರು? ಬಿನ್ನಹಗಳಲ್ಲಿ ಆರೈಕೆ ಮಾಡುವವರಿಗಾಗಿ ಒಂದು ಸಾಲು ಇದೆ. ಅವಸರದಲ್ಲಿ ನಾವು ಬಿಡುವ ಸಾಲುಗಳಲ್ಲಿ ಅದೂ ಒಂದು. ವೈದ್ಯಶಾಸ್ತ್ರ ಈ ವಿಷಯದಲ್ಲಿ ನಮಗಿಂತ ಬೇಗ ಕಲಿಯಿತು. ಕ್ರೈಸ್ತ ವಿಶ್ವಾಸದಿಂದಲೇ ಪ್ರೇರಿತರಾಗಿ 1967ರಲ್ಲಿ ಲಂಡನ್ನಿನಲ್ಲಿ ಸಂತ ಕ್ರಿಸ್ಟೋಫರರ ಹಾಸ್ಪೈಸ್ ಆರಂಭಿಸಿದ ಸಿಸಿಲಿ ಸಾಂಡರ್ಸ್, ನೋವಿಗೆ ದೈಹಿಕ, ಮಾನಸಿಕ, ಸಾಮಾಜಿಕ, ಆಧ್ಯಾತ್ಮಿಕ ಮುಖಗಳಿವೆಯೆಂದು ಬೋಧಿಸಿದರು. ವಿಶ್ವ ಆರೋಗ್ಯ ಸಂಸ್ಥೆಯ 2002ರ ವ್ಯಾಖ್ಯಾನದಲ್ಲಿ ಉಪಶಾಮಕ ಆರೈಕೆ ಸಲ್ಲುವುದು ರೋಗಿಗೆ ಮಾತ್ರವಲ್ಲ, ರೋಗಿಗೂ ಅವರ ಕುಟುಂಬಕ್ಕೂ. ಬೆಂಗಳೂರಿನಲ್ಲಿ, 1994ರಲ್ಲಿ ಸ್ಥಾಪನೆಯಾದ ಬೆಂಗಳೂರು ಹಾಸ್ಪೈಸ್ ಟ್ರಸ್ಟಿನ ಕರುಣಾಶ್ರಯ, ಗುಣವಾಗದ ಹಂತ ತಲುಪಿದ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ಆರೈಕೆ ಮಾಡುತ್ತದೆ. ಧರ್ಮಕೇಂದ್ರದ ಯಾಜಕನಿಗೆ ಇಂಥ ಒಂದು ವಿಳಾಸ ಗೊತ್ತಿರುವುದು, ಅದನ್ನು ನಾಚಿಕೆಯಿಲ್ಲದೆ ಬಳಸಬಹುದೆಂದು ಮನೆಯವರಿಗೆ ಹೇಳುವುದು, ಎರಡು ದಿನಾರಿಯ ಒಂದು ಭಾಗ. ತಂದೆಯನ್ನು ಹಾಸ್ಪೈಸಿಗೆ ಕಳಿಸುವುದು ಕೈಬಿಟ್ಟಂತೆ ಎಂಬ ಅಂಜಿಕೆಯನ್ನು ಹೋಗಲಾಡಿಸಲು ನಮ್ಮ ಒಂದು ಮಾತಿಗೆ ಇರುವ ಬಲ ವೈದ್ಯರ ಹತ್ತು ಮಾತಿಗಿಲ್ಲ.

ಕಾದಂಬರಿಯಲ್ಲಿ ಯಾಜಕನೊಬ್ಬ ಬರುತ್ತಾನೆ, ಹನ್ನೊಂದನೆಯ ಅಧ್ಯಾಯದಲ್ಲಿ. ಅವನನ್ನು ಕರೆಸುವಂತೆ ಗಂಡನನ್ನು ಒಪ್ಪಿಸಿದವಳು ಪ್ರಸ್ಕೋವ್ಯಳೇ. ಪಾಪನಿವೇದನೆಯಾಗುತ್ತದೆ, ಇವಾನ್ ಇಲಿಚ್ ಮೆತ್ತಗಾಗುತ್ತಾನೆ, ಕಣ್ಣೀರಿನೊಂದಿಗೆ ಪರಮಪ್ರಸಾದ ಸ್ವೀಕರಿಸುತ್ತಾನೆ, ಕ್ಷಣಕಾಲ ನಿರೀಕ್ಷೆ ಮೂಡುತ್ತದೆ. ಆಮೇಲೆ ಹೆಂಡತಿ ಬಂದು ಅಭಿನಂದಿಸಿ, ಈಗ ಹಾಯೆನಿಸುತ್ತಿದೆ ಅಲ್ಲವೇ ಎಂದು ಕೇಳಿದೊಡನೆ ಆಕೆಯ ಉಡುಪು, ಮೈಕಟ್ಟು, ದನಿ ಎಲ್ಲವೂ ಅವನಿ ಗೆ ಸುಳ್ಳಾಗಿ ಕಂಡು ಚೀತ್ಕಾರ ಆರಂಭವಾಗುತ್ತದೆ. ಸಂಸ್ಕಾರಗಳ ಬಗ್ಗೆ ಟಾಲ್‌ಸ್ಟಾಯ್ ಅವರಿಗಿದ್ದ ಅವಿಶ್ವಾಸ ಈ ದೃಶ್ಯದ ಹಿಂದೆ ಇದೆ ಎನ್ನುವುದು ಸರಿಯೇ. ನಾವು ಗಮನಿಸುವುದು ಬೇರೆಯದನ್ನು. ಆ ಯಾಜಕ ಬಂದ, ತನ್ನ ಕೆಲಸ ಮಾಡಿದ, ಹೋದ. ಹೆಂಡತಿಯೊಡನೆ ಆತ ಮಾತನಾಡಿದ ಸುಳಿವಿಲ್ಲ. ಕಣ್ಣಿನ ಕೆಳಗೆ ಕಪ್ಪಾಗಿರುವ ಶಾಲಾಬಾಲಕ ವಾಸ್ಯನನ್ನು ಆತ ಕಂಡ ಸುಳಿವೂ ಇಲ್ಲ. ಮೊದಲ ಶುಕ್ರವಾರ ರೋಗಿಗಳಿಗೆ ಪರಮಪ್ರಸಾದ ಒಯ್ಯುವ ನಮ್ಮ ಭೇಟಿಗಳೂ ಹೀಗೆಯೇ ಸಾಗುತ್ತವೆ: ಹನ್ನೆರಡು ಮನೆ, ಎರಡು ಗಂಟೆ, ಕಾಫಿ ತಂದಿಟ್ಟು ಒಳಗೆ ಹೋಗುವ ಸೊಸೆ. ಆಕೆ ಕುಳಿತದ್ದನ್ನು ನಾವು ಕಂಡಿರುವುದಿಲ್ಲ.

ಕೊನೆಯ ಅಧ್ಯಾಯದಲ್ಲಿ ಮಾತ್ರ ಟಾಲ್‌ಸ್ಟಾಯ್ ತಮ್ಮದೇ ಕಥೆಯ ಕಠೋರತೆಯನ್ನು ಮೀರುತ್ತಾರೆ. ಮಗ ಮೆಲ್ಲನೆ ಒಳಬಂದು ತಂದೆಯ ಕೈಗೆ ಮುತ್ತಿಟ್ಟು ಅಳುತ್ತಾನೆ. ಹೆಂಡತಿ ಬಾಯಿ ತೆರೆದುಕೊಂಡು, ಒರೆಸದ ಕಣ್ಣೀರು ಕೆನ್ನೆಯ ಮೇಲೆ ಇಳಿಯುತ್ತಿರಲು, ಹತಾಶಳಾಗಿ ನೋಡುತ್ತ ನಿಂತಿದ್ದಾಳೆ. ತಾನು ಇವರನ್ನು ಹಿಂಸಿಸುತ್ತಿದ್ದೇನೆ ಎಂದು ಇವಾನ್ ಇಲಿಚನಿಗೆ ಮೊದಲ ಸಲ ಹೊಳೆಯುತ್ತದೆ. ಅವಳ ಬಗ್ಗೆ ಕನಿಕರ ಹುಟ್ಟುತ್ತದೆ. ಕ್ಷಮಿಸು ಎನ್ನಲು ಹೋಗಿ, ರಷ್ಯನ್ ಭಾಷೆಯಲ್ಲಿ ಅದಕ್ಕೆ ಹತ್ತಿರದ ದನಿಯುಳ್ಳ, ಹೋಗಲು ಬಿಡು ಎಂಬರ್ಥದ ಮಾತು ಅವನ ಬಾಯಿಂದ ಬರುತ್ತದೆ. ತಿದ್ದಲು ಶಕ್ತಿಯಿಲ್ಲ, ತಿಳಿಯಬೇಕಾದವನಿಗೆ ತಿಳಿಯುತ್ತದೆ ಎಂದು ಸುಮ್ಮನಾಗುತ್ತಾನೆ. ಕತ್ತಲಿದ್ದಲ್ಲಿ ಬೆಳಕು ಕಾಣುವುದು ಇದರ ಬಳಿಕ. ಗೆರಾಸಿಮನ ಹೆಗಲು ಅವನಿಗೆ ನೆಮ್ಮದಿ ಕೊಟ್ಟಿತ್ತು, ಬಿಡುಗಡೆ ಕೊಟ್ಟಿರಲಿಲ್ಲ. ಅದು ಬಂದದ್ದು, ತನ್ನನ್ನು ನೋಡಿಕೊಂಡವರ ಬಳಲಿಕೆಯನ್ನು ತಾನು ನೋಡಿದಾಗ. ಸಂತ ಯೊವಾನ್ನರ ಶುಭಸಂದೇಶದ ಹತ್ತೊಂಬತ್ತನೆಯ ಅಧ್ಯಾಯ ಇದಕ್ಕೆ ಬಹಳ ಹತ್ತಿರದಲ್ಲಿದೆ. ಶಿಲುಬೆಯ ಮೇಲೆ ಪ್ರಾಣ ಬಿಡುವ ಮುನ್ನ ಯೇಸು, ಕೆಳಗೆ ನಿಂತಿದ್ದ ತಾಯಿಗೂ ಶಿಷ್ಯನಿಗೂ ಒಬ್ಬರನ್ನೊಬ್ಬರು ಒಪ್ಪಿಸಿದರು. ಆ ಗಳಿಗೆಯಲ್ಲಿ ಆರೈಕೆ ಶಿಲುಬೆಯ ಮೇಲಿನಿಂದ ಕೆಳಗಿದ್ದವರ ಕಡೆಗೆ ಹರಿಯಿತು. ರೋಗಿಗೆ ಪ್ರಜ್ಞೆ ಇರುವಾಗ, ಸಮಯ ಇರುವಾಗ, ನಿನ್ನನ್ನು ನೋಡಿಕೊಳ್ಳುತ್ತಿರುವವರಿಗೆ ಏನನ್ನಾದರೂ ಹೇಳಬೇಕೆನಿಸಿದೆಯೇ ಎಂದು ಕೇಳುವ ಯಾಜಕ, ಆ ಹಾಸಿಗೆಯಲ್ಲಿ ಮಲಗಿರುವವನನ್ನು ಬರೀ ಸೇವೆಯ ವಸ್ತುವಾಗಿ ಉಳಿಸದೆ ಮತ್ತೆ ಕೊಡಬಲ್ಲ ಮನುಷ್ಯನನ್ನಾಗಿ ಮಾಡುತ್ತಾನೆ.

ಮೊದಲ ಅಧ್ಯಾಯದ ಬಗ್ಗೆ ಒಂದು ಮಾತು ಉಳಿದಿದೆ. ಕಾಲಾನುಕ್ರಮದಲ್ಲಿ ಅದೇ ಕೊನೆಯದು: ಶವ ಇನ್ನೂ ಮನೆಯಲ್ಲಿದೆ, ಗಂಡನ ಸಹೋದ್ಯೋಗಿ ಪ್ಯೋತ್ರ್ ಇವಾನೊವಿಚ್ ಬಂದಿದ್ದಾನೆ, ವಿಧವೆ ಅವನನ್ನು ಕೋಣೆಗೆ ಕರೆದು ಕೂರಿಸಿ ಪಿಂಚಣಿಯ ಮಾತು ಎತ್ತುತ್ತಾಳೆ. ಅದಕ್ಕೆ ಮುನ್ನ ಆ ಮೂರು ದಿನಗಳ ಚೀತ್ಕಾರವನ್ನು, ಮೂರು ಬಾಗಿಲಿನಾಚೆಗೂ ಕೇಳುತ್ತಿದ್ದುದನ್ನು, ತಾನು ಅದನ್ನು ಹೇಗೆ ತಾಳಿಕೊಂಡೆನೋ ತಿಳಿಯದೆಂಬುದನ್ನು ಹೇಳುತ್ತಾಳೆ. ಗಂಡನ ನೋವನ್ನು ತನ್ನ ನರಗಳ ಮೇಲಾದ ಪರಿಣಾಮದಿಂದ ಅಳೆಯುವ ಸ್ವಾರ್ಥಿ ಎಂದು ಇಲ್ಲಿ ಓದುಗನಿಗೆ ಅನಿಸಬೇಕೆಂದು ಟಾಲ್‌ಸ್ಟಾಯ್ ದೃಶ್ಯವನ್ನು ಹೆಣೆದಿದ್ದಾರೆ. ಕೇಳುವವನ ಆಸನದ ಸ್ಪ್ರಿಂಗು ಕಿರುಗುಟ್ಟುತ್ತದೆ, ಆಕೆಯ ಶಾಲಿನ ಅಂಚು ಮೇಜಿಗೆ ಸಿಕ್ಕಿಕೊಳ್ಳುತ್ತದೆ, ನಾವು ನಗುತ್ತೇವೆ. ಆದರೆ ಇಡೀ ಕೃತಿಯಲ್ಲಿ ಆ ಇರುಳುಗಳ ಬಗ್ಗೆ ಪ್ರಸ್ಕೋವ್ಯ ಬಾಯಿ ತೆರೆಯುವುದು ಇದೊಂದೇ ಕಡೆ. ಕೇಳಲು ಕುಳಿತವನ ಮನಸ್ಸು ಸಂಜೆಯ ಇಸ್ಪೀಟಿನಾಟದ ಮೇಲಿದೆ. ಗುರುಮಠದ ತರಗತಿಯಲ್ಲಿ ಈ ಕೃತಿಯನ್ನು ಓದಿಸುವವರು ಹನ್ನೆರಡನೆಯ ಅಧ್ಯಾಯ ಮುಗಿದ ಮೇಲೆ ಮೊದಲನೆಯದನ್ನು ಇನ್ನೊಮ್ಮೆ ಓದಿಸಲಿ. ಈ ಸಲ ವಿದ್ಯಾರ್ಥಿಗಳು ತಮ್ಮನ್ನು ಗೆರಾಸಿಮನ ಜಾಗದಲ್ಲಿ ಅಲ್ಲ, ಆ ಕಿರುಗುಟ್ಟುವ ಆಸನದ ಮೇಲೆ ಕುಳಿತವನ ಜಾಗದಲ್ಲಿ ಇಟ್ಟುಕೊಂಡು ಓದಲಿ.